ನೂರಕ್ಕೆ ನೂರು ಸರಿ, ಆದರೆ ಯಾವ ಪ್ರಶ್ನೆಪತ್ರಿಕೆಯಲ್ಲಿ? ಆಂಟಿವೈರಸ್ ಪರೀಕ್ಷೆಗಳ ಮೂವತ್ತು ವರ್ಷದ ಕಥೆ

ಈ ವಾರದ ಸಂಚಿಕೆಯ ಬರಹರೂಪ ಇದು. ಆಡಿಯೊದಲ್ಲಿ ಹೇಳಿದ್ದನ್ನೇ ಓದೋದಕ್ಕೆ ಅನುಕೂಲ ಆಗೋ ಹಾಗೆ ಸ್ವಲ್ಪ ಒಪ್ಪ ಮಾಡಿ ಕೊಟ್ಟಿದೀನಿ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಯಾವುದಾದ್ರೂ ಕಂಪ್ಯೂಟರ್ ಅಂಗಡಿಗೆ ಹೋಗಿ ಆಂಟಿವೈರಸ್ ಕೊಡಿ ಅಂದ್ರೆ, ಅಂಗಡಿಯವರು ನಾಲ್ಕೈದು ಹೆಸರು ಹೇಳ್ತಾರೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಇಲ್ಲಾಂದ್ರೆ ವಿದೇಶದ್ದು ಯಾವುದಾದರೂ. ಎಲ್ಲರ ಡಬ್ಬಿ ಮೇಲೋ ವೆಬ್‌ಸೈಟಲ್ಲೋ ಪದಕಗಳು ಇರ್ತವೆ. ಆ ಪ್ರಯೋಗಾಲಯದ ಸರ್ಟಿಫಿಕೇಟ್, ಈ ಪ್ರಯೋಗಾಲಯದ ಪ್ರಶಸ್ತಿ, ಶೇ. 100 ರಕ್ಷಣೆ, ಶೇ. 99.9 ಪತ್ತೆ. ಎಲ್ಲರೂ ರ‍್ಯಾಂಕ್ ಸ್ಟೂಡೆಂಟ್‌ಗಳೇ. ಹಾಗಾದ್ರೆ ಪ್ರತಿ ವರ್ಷ ಆಫೀಸುಗಳಲ್ಲಿ, ಆಸ್ಪತ್ರೆಗಳಲ್ಲಿ, ಲೆಕ್ಕ ಬರೆಯೋ ಸಣ್ಣ ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್‌ಗಳು ಲಾಕ್ ಆಗೋದು ಹೇಗೆ?

ಈ ಪದಕಗಳನ್ನ ಯಾರು ಕೊಡ್ತಾರೆ? ಪರೀಕ್ಷೆ ಹೇಗೆ ನಡೆಯುತ್ತೆ? ಅದನ್ನ ಎಷ್ಟು ನಂಬಬಹುದು? ನಾನು ಓದಿದ್ದು ಬಿ.ಕಾಂ. ಕಂಪ್ಯೂಟರ್ ವಿಜ್ಞಾನ ನನ್ನ ವಿಷಯ ಅಲ್ಲ. ಆದರೆ ಈ ಇತಿಹಾಸ ಓದ್ತಾ ಹೋದ ಹಾಗೆ ಆಡಿಟಿಂಗ್ ಪುಸ್ತಕದ ಪಾಠಗಳೇ ಮತ್ತೆ ಮತ್ತೆ ಎದುರಾದ್ವು. ಸ್ಯಾಂಪಲ್ ಆರಿಸೋದು ಯಾರು, ಫೀಸು ಕೊಡೋದು ಯಾರು, ತಪಾಸಣೆಗೆ ಬರ್ತಾರೆ ಅಂತ ಮೊದಲೇ ಗೊತ್ತಿತ್ತಾ, ಇವೇ ಪ್ರಶ್ನೆಗಳು.

ಮೊದಲ ದಿನಗಳು

1984ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಫ್ರೆಡ್ ಕೊಹೆನ್ ಕಂಪ್ಯೂಟರ್ ವೈರಸ್ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ತುಂಬ ಮುಖ್ಯವಾದ ಒಂದು ಮಾತಿತ್ತು: ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸೋ ಪ್ರೋಗ್ರಾಮ್ ಬರೆಯೋಕೆ ಸಾಧ್ಯವೇ ಇಲ್ಲ. ತರ್ಕ ಸರಳ. ಅಂಥ ಒಂದು ಪರಿಪೂರ್ಣ ಪತ್ತೇದಾರ ಇದ್ದಾನೆ ಅಂತಿಟ್ಕೊಳ್ಳಿ. ವೈರಸ್ ಬರೆಯೋನು ಆ ಪತ್ತೇದಾರನನ್ನೇ ತನ್ನ ಪ್ರೋಗ್ರಾಮ್ ಒಳಗೆ ಕೂರಿಸಿ, "ನಾನು ವೈರಸ್ಸಾ?" ಅಂತ ಕೇಳಿಸ್ತಾನೆ. "ಹೌದು" ಅಂದ್ರೆ ಸುಮ್ಮನಿರೋದು, "ಅಲ್ಲ" ಅಂದ್ರೆ ಹರಡೋದು. ಪತ್ತೇದಾರ ಏನೇ ಹೇಳಿದ್ರೂ ಅದು ತಪ್ಪಾಗುತ್ತೆ.

ಅಂದ್ರೆ ಆಂಟಿವೈರಸ್ ವ್ಯಾಪಾರ ಶುರುವಾಗೋ ಮೊದಲೇ "ಶೇ. 100" ಅನ್ನೋ ಮಾತಿಗೆ ಒಂದು ಷರತ್ತು ಬಿದ್ದಿತ್ತು. ಶೇ. 100 ಅಂತ ಯಾರಾದ್ರೂ ಹೇಳಿದ್ರೆ, ಅದು ಯಾವುದೋ ಒಂದು ಪಟ್ಟಿಯ ಶೇ. 100 ಅಷ್ಟೇ. ಆ ಪಟ್ಟಿ ಯಾವುದು ಅನ್ನೋದೇ ಮುಂದಿನ ಮೂವತ್ತು ವರ್ಷದ ಜಗಳ.

1986ರಲ್ಲಿ ಪಾಕಿಸ್ತಾನದ ಲಾಹೋರ್‌ನ ಇಬ್ಬರು ಸಹೋದರರು ಬರೆದ ಬ್ರೇನ್ ವೈರಸ್ ಫ್ಲಾಪಿಗಳ ಮೂಲಕ ಪಿಸಿಗಳಿಗೆ ಹರಡಿತು. 1987ರಲ್ಲಿ ಮೆಕಾಫಿ ಕಂಪನಿ ಹುಟ್ಟಿತು. 1992ರ ಮಾರ್ಚ್ 6ಕ್ಕೆ ಮೈಕೆಲಾಂಜೆಲೊ ಅನ್ನೋ ವೈರಸ್ ಸಿಡಿಯುತ್ತೆ, 50 ಲಕ್ಷ ಕಂಪ್ಯೂಟರ್‌ಗಳವರೆಗೂ ಹಾಳಾಗಬಹುದು ಅಂತ ಪತ್ರಿಕೆಗಳಲ್ಲಿ ಬಂತು. ಆ ದಿನ ಬಂದು ಹೋಯ್ತು. ಹಾಳಾದದ್ದು 10ರಿಂದ 20 ಸಾವಿರ ಇರಬಹುದು ಅಂತ ಆಮೇಲಿನ ಅಂದಾಜು. ಆದರೆ ಅಷ್ಟರಲ್ಲಿ ಜನ ಅಂಗಡಿ ಮುಂದೆ ನಿಂತು ಆಂಟಿವೈರಸ್ ಕೊಂಡಾಗಿತ್ತು.

ಇಲ್ಲೇ ಸಮಸ್ಯೆಯ ಬೇರು ಇದೆ ನೋಡಿ. ಅಕ್ಕಿ ಕೊಂಡ್ರೆ ಅನ್ನ ಮಾಡಿ ನೋಡಬಹುದು. ಆಂಟಿವೈರಸ್ ಕೊಂಡು ಒಂದು ವರ್ಷ ಏನೂ ಆಗದಿದ್ರೆ, ಅದು ಕಾಪಾಡಿತೋ ಅಥವಾ ವೈರಸ್ಸೇ ನಮ್ಮ ಕಡೆ ಬರಲಿಲ್ಲವೋ? ಕೊಂಡವನಿಗೆ ಗೊತ್ತಾಗೋ ದಾರಿಯೇ ಇಲ್ಲ. ಆದ್ದರಿಂದ ಮಧ್ಯದಲ್ಲಿ ಒಬ್ಬ ಪರೀಕ್ಷಕ ಬೇಕಾಯ್ತು.

ವೈರಸ್ ಮೃಗಾಲಯ

ಶುರುವಿನ ಪರೀಕ್ಷೆಗಳನ್ನ ಮಾಡ್ತಿದ್ದದ್ದು ಹೆಚ್ಚಾಗಿ ಕಂಪ್ಯೂಟರ್ ಪತ್ರಿಕೆಗಳು. ವಿಧಾನ ಇಷ್ಟೇ: ಸಿಕ್ಕಸಿಕ್ಕಲ್ಲಿಂದ ವೈರಸ್ ಫೈಲುಗಳನ್ನ ಒಂದು ಡಿಸ್ಕಿಗೆ ತುಂಬೋದು, ಪ್ರತಿಯೊಂದು ಆಂಟಿವೈರಸ್ ಎಷ್ಟನ್ನ ಹಿಡಿಯುತ್ತೆ ಅಂತ ಎಣಿಸೋದು. ಆ ಸಂಗ್ರಹಕ್ಕೆ 'ಝೂ' ಅಂತಾನೇ ಹೆಸರು, ವೈರಸ್‌ಗಳ ಮೃಗಾಲಯ.

ಈ ಮೃಗಾಲಯದಲ್ಲಿ ಹುಲಿ ಚಿರತೆ ಜೊತೆಗೆ ಸತ್ತ ಇಲಿಗಳೂ ಇದ್ವು. ಕೆಟ್ಟುಹೋಗಿ ಓಡದೇ ಇರೋ ಫೈಲುಗಳು, ವೈರಸ್ಸೇ ಅಲ್ಲದ ಫೈಲುಗಳು, ಹೊರಗೆ ಯಾರ ಕಂಪ್ಯೂಟರಿಗೂ ಬಂದಿರದ ವೈರಸ್‌ಗಳು. ಕೆಲವರು ನಿಜವಾದ ವೈರಸ್ ಬಿಟ್ಟು 'ಸಿಮ್ಯುಲೇಟರ್' ಪ್ರೋಗ್ರಾಮ್‌ಗಳಿಂದ ಹುಟ್ಟಿಸಿದ ನಕಲಿ ಫೈಲುಗಳಲ್ಲೂ ಪರೀಕ್ಷೆ ಮಾಡಿದ್ರು. ನಕಲಿಯನ್ನ ನಕಲಿ ಅಂತ ಸರಿಯಾಗಿ ಗುರುತಿಸಿ ಸುಮ್ಮನಿದ್ದ ಒಳ್ಳೆ ಆಂಟಿವೈರಸ್‌ಗೆ ಅಂಕ ಖೋತಾ. ಕಂಡದ್ದಕ್ಕೆಲ್ಲ ಬೊಗಳೋ ನಾಯಿಗೆ ಮೊದಲ ಬಹುಮಾನ.

1997ರಲ್ಲಿ ಇನ್ನೂ ಸ್ವಾರಸ್ಯದ ಜಗಳ ನಡೀತು. ಬ್ರಿಟನ್ನಿನ ಡಾಕ್ಟರ್ ಸಾಲೊಮನ್ಸ್ ಕಂಪನಿಯ ಆಂಟಿವೈರಸ್‌ನಲ್ಲಿ 'ಚೀಟಿಂಗ್ ಮೋಡ್' ಇದೆ ಅಂತ ಪ್ರತಿಸ್ಪರ್ಧಿ ಮೆಕಾಫಿ ಆರೋಪಿಸಿತು. ಆರೋಪ ಏನಂದ್ರೆ, ಒಂದೇ ಡಿಸ್ಕಿನಲ್ಲಿ ಹಲವು ವೈರಸ್ ಸಿಕ್ಕಿದ ಕೂಡಲೇ ಆ ಸಾಫ್ಟ್‌ವೇರ್ ಹೆಚ್ಚು ಕಟ್ಟುನಿಟ್ಟಾಗಿ ಹುಡುಕೋಕೆ ಶುರು ಮಾಡುತ್ತೆ ಅಂತ. ಸಾಮಾನ್ಯ ಮನೆಯ ಕಂಪ್ಯೂಟರ್‌ನಲ್ಲಿ ಒಂದೋ ಎರಡೋ ವೈರಸ್ ಇರಬಹುದು. ಸಾಲಾಗಿ ಹತ್ತಾರು ಕಂಡ್ರೆ ಅದು ಯಾವುದೋ ಪತ್ರಿಕೆಯ ಪರೀಕ್ಷಾ ಕೊಠಡಿ ಅಂತಲೇ ಅರ್ಥ. ವೈರಸ್ ಹೆಚ್ಚಿರೋ ಜಾಗದಲ್ಲಿ ಹೆಚ್ಚು ಎಚ್ಚರ ವಹಿಸೋದು ತಪ್ಪೇ, ಅದು ಬಳಕೆದಾರನ ಒಳ್ಳೇದಕ್ಕೇ ಮಾಡಿದ್ದು ಅನ್ನೋದು ಸಾಲೊಮನ್ಸ್‌ನವರ ಉತ್ತರ. ಎರಡೂ ವಾದದಲ್ಲಿ ಹುರುಳಿದೆ. ಮರುವರ್ಷ, 1998ರಲ್ಲಿ, ಮೆಕಾಫಿಯ ಹೊಸ ಅವತಾರವಾದ ನೆಟ್‌ವರ್ಕ್ ಅಸೋಸಿಯೇಟ್ಸ್ ಆ ಸಾಲೊಮನ್ಸ್ ಕಂಪನಿಯನ್ನೇ ಕೊಂಡುಕೊಳ್ತು!

ನಗು ಬರುತ್ತೆ. ಆದರೆ ಈ ಪ್ರಕರಣದಲ್ಲಿದ್ದ ಪ್ರಶ್ನೆಯನ್ನ ನೆನಪಿಟ್ಕೊಳ್ಳಿ: ತಾನು ಪರೀಕ್ಷೆ ಬರೀತಿದೀನಿ ಅಂತ ಪರೀಕ್ಷಾರ್ಥಿಗೆ ಗೊತ್ತಾಗುತ್ತಾ? 18 ವರ್ಷ ಬಿಟ್ಟು ಇದೇ ಪ್ರಶ್ನೆ ಇನ್ನೂ ಜೋರಾಗಿ ವಾಪಸ್ ಬರುತ್ತೆ.

ಸಿಲಬಸ್ ಬಂತು

ಮೃಗಾಲಯದ ಗೊಂದಲಕ್ಕೆ ಒಂದು ಒಳ್ಳೆ ಪರಿಹಾರ 1993ರಲ್ಲಿ ಸಿಕ್ಕಿತು. ಜೋ ವೆಲ್ಸ್ ಅನ್ನೋ ಅಮೆರಿಕದ ಸಂಶೋಧಕ 'ವೈಲ್ಡ್‌ಲಿಸ್ಟ್' ಶುರು ಮಾಡಿದ. ಕಾಡಿನಲ್ಲಿ, ಅಂದ್ರೆ ನಿಜವಾದ ಜನರ ಕಂಪ್ಯೂಟರ್‌ಗಳಲ್ಲಿ ಓಡಾಡ್ತಿರೋ ವೈರಸ್‌ಗಳ ಪಟ್ಟಿ ಅದು. ಬೇರೆ ಬೇರೆ ದೇಶದ ವರದಿಗಾರರ ಪೈಕಿ ಕನಿಷ್ಠ ಇಬ್ಬರು ನೋಡಿದೀವಿ ಅಂದ್ರೆ ಮಾತ್ರ ಮುಖ್ಯ ಪಟ್ಟಿಗೆ ಸೇರ್ಪಡೆ.

ಈ ಪಟ್ಟಿಯನ್ನ ಇಟ್ಕೊಂಡು 1998ರ ಜನವರಿಯಲ್ಲಿ ಬ್ರಿಟನ್ನಿನ ವೈರಸ್ ಬುಲೆಟಿನ್ ಪತ್ರಿಕೆ 'ವಿಬಿ 100' ಪ್ರಶಸ್ತಿ ಶುರು ಮಾಡಿತು. ನಿಯಮ ಕಟ್ಟುನಿಟ್ಟು. ವೈಲ್ಡ್‌ಲಿಸ್ಟ್‌ನ ಎಲ್ಲವನ್ನೂ ಹಿಡೀಬೇಕು, ಒಂದೂ ಬಿಡಬಾರದು. ಅಷ್ಟೇ ಅಲ್ಲ, ಒಳ್ಳೆ ಫೈಲುಗಳ ಒಂದು ದೊಡ್ಡ ರಾಶಿಯಲ್ಲಿ ಒಂದನ್ನೂ ವೈರಸ್ ಅಂತ ತಪ್ಪಾಗಿ ಹೇಳಬಾರದು. ಬೊಗಳೋ ನಾಯಿಯ ಸಮಸ್ಯೆಗೆ ಔಷಧಿ ಸಿಕ್ಕಿತು.

ಒಂದು ವಿಷಯ ಗಮನಿಸಿ. ವೈರಸ್ ಬುಲೆಟಿನ್‌ಅನ್ನ 1989ರಲ್ಲಿ ಹುಟ್ಟುಹಾಕಿದವರು ಸೋಫೋಸ್ ಅನ್ನೋ ಆಂಟಿವೈರಸ್ ಕಂಪನಿಯ ಸಂಸ್ಥಾಪಕರೇ. ಪತ್ರಿಕೆಯ ಸಂಪಾದಕೀಯ ಬೇರೆ, ಕಂಪನಿ ಬೇರೆ ಅಂತ ಅವರು ಗೆರೆ ಎಳೆದಿದ್ರು, ಉದ್ಯಮದಲ್ಲಿ ಪತ್ರಿಕೆಗೆ ಒಳ್ಳೆ ಗೌರವವೂ ಇತ್ತು. ಆದರೂ ವಿದ್ಯಾರ್ಥಿಯೊಬ್ಬನ ಅಪ್ಪನೇ ಪರೀಕ್ಷಾ ಮಂಡಳಿ ಕಟ್ಟಿದ ಹಾಗಿತ್ತು ಆ ಏರ್ಪಾಡು. ಈ ಚಿಕ್ಕ ಪ್ರಪಂಚದಲ್ಲಿ ಪರೀಕ್ಷಕ, ಪರೀಕ್ಷಾರ್ಥಿ ಇಬ್ಬರೂ ಶುರುವಿಂದಲೂ ಒಂದೇ ಬೀದಿಯವರು.

ವೈಲ್ಡ್‌ಲಿಸ್ಟ್‌ಗೆ ಇನ್ನೊಂದು ತೊಂದರೆ ಇತ್ತು. ಪಟ್ಟಿ ತಿಂಗಳಿಗೊಮ್ಮೆ ಬರೋದು, ಎಲ್ಲ ಕಂಪನಿಗಳಿಗೂ ಗೊತ್ತಿರೋದು. ಅಂದ್ರೆ ಸಿಲಬಸ್ ಅಲ್ಲ, ಹೆಚ್ಚು ಕಡಿಮೆ ಪ್ರಶ್ನೆಪತ್ರಿಕೆಯೇ ಕೈಯಲ್ಲಿದ್ದ ಹಾಗೆ. ಎಸ್ಸೆಸ್ಸೆಲ್ಸಿ ಗೈಡ್‌ನಲ್ಲಿರೋ 'ಇಂಪಾರ್ಟೆಂಟ್' ಪ್ರಶ್ನೆಗಳನ್ನ ಬಾಯಿಪಾಠ ಮಾಡಿದವನು ಪಾಸ್ ಆಗ್ತಾನೆ, ವಿಷಯ ಬರುತ್ತೋ ಇಲ್ವೋ ಅದು ಬೇರೆ ಮಾತು. ಜೊತೆಗೆ ಆ ಪಟ್ಟಿ ತಾನಾಗಿ ಹರಡೋ ವೈರಸ್, ವರ್ಮ್‌ಗಳಿಗೇ ಮೀಸಲಿತ್ತು. 2000ದ ನಂತರ ಕಳ್ಳರು ಹೆಚ್ಚಾಗಿ ಟ್ರೋಜನ್‌ಗಳ ಕಡೆ ತಿರುಗಿದ್ರು. ಅವು ತಾವಾಗಿ ಹರಡೋದಿಲ್ಲ, ದಿನಕ್ಕೊಂದು ವೇಷ ಹಾಕ್ತವೆ. 2008ರಲ್ಲಿ ಟ್ರೆಂಡ್ ಮೈಕ್ರೋ ಕಂಪನಿ, ಈ ಪರೀಕ್ಷೆ ಇವತ್ತಿನ ಅಪಾಯವನ್ನ ಅಳೆಯೋದೇ ಇಲ್ಲ ಅಂತ ಹೇಳಿ ವಿಬಿ 100ರಿಂದ ಹೊರನಡೆಯಿತು.

ಪ್ರಶ್ನೆಯನ್ನ ನಾವೇ ಬರೆದ್ರೆ?

ಬಾಯಿಪಾಠ ತಪ್ಪಿಸಬೇಕಾದ್ರೆ ಯಾರೂ ನೋಡಿರದ ಪ್ರಶ್ನೆ ಕೊಡಬೇಕು. 2006ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಅದನ್ನೇ ಮಾಡಿತು. ಹೊರಗಿನ ತಜ್ಞ ಸಂಸ್ಥೆಯೊಂದರ ನೆರವಿನಿಂದ, ಗೊತ್ತಿರೋ ವೈರಸ್‌ಗಳನ್ನ ತಿರುಚಿ 5,500 ಹೊಸ ರೂಪಾಂತರಗಳನ್ನ ಸೃಷ್ಟಿಸಿ, 12 ಆಂಟಿವೈರಸ್‌ಗಳ ಮೇಲೆ ಪ್ರಯೋಗಿಸಿತು.

ಉದ್ಯಮ ಕೆಂಡಾಮಂಡಲ ಆಯ್ತು. ಜಗತ್ತಲ್ಲಿ ಇರೋ ವೈರಸ್ ಸಾಲದೆ ನೀವು ಬೇರೆ ಹೊಸದು ಹುಟ್ಟಿಸ್ತೀರಾ, ಅದು ಹೊರಗೆ ಸೋರಿದ್ರೆ ಗತಿ ಏನು ಅನ್ನೋದು ಅವರ ಪ್ರಶ್ನೆ. ಪತ್ರಿಕೆ ಲಾಭಕ್ಕಾಗಿ ನಡೆಯೋದಲ್ಲ, ಜಾಹೀರಾತನ್ನೂ ತಗೊಳ್ಳೋದಿಲ್ಲ. ಕಂಪನಿಗಳ ದುಡ್ಡಿಲ್ಲದೆ ಪರೀಕ್ಷೆ ಮಾಡೋರು ಅಪರೂಪ, ಅಂಥವರಿಗೇ ಅತಿ ಹೆಚ್ಚು ಬೈಗುಳ ಸಿಕ್ಕಿತು ಅನ್ನೋದು ಒಂದು ಕಡೆ. ಪರೀಕ್ಷೆಗೋಸ್ಕರ ವಿಷ ತಯಾರಿಸಬಾರದು ಅನ್ನೋ ಮಾತಿನಲ್ಲಿ ನ್ಯಾಯ ಇದೆ ಅನ್ನೋದು ಇನ್ನೊಂದು ಕಡೆ.

ಉದ್ಯಮ ಮುಂದಿಟ್ಟ ಬದಲಿ ದಾರಿ ಜಾಣತನದ್ದು. ಆಂಟಿವೈರಸ್‌ನ ಅಪ್‌ಡೇಟ್‌ಗಳನ್ನ ಒಂದು ದಿನಾಂಕಕ್ಕೆ ನಿಲ್ಲಿಸಿಬಿಡಿ. ಆ ದಿನಾಂಕದ ನಂತರ ಹುಟ್ಟಿದ ನಿಜವಾದ ವೈರಸ್‌ಗಳನ್ನ ಅದರ ಮುಂದೆ ಇಡಿ. ಹೊಸದನ್ನ ಸೃಷ್ಟಿಸಬೇಕಾಗಿಲ್ಲ, ಬಾಯಿಪಾಠವೂ ಕೆಲಸಕ್ಕೆ ಬರೋದಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರೋ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ ಇಂಥ ಪರೀಕ್ಷೆಗಳನ್ನ ವರ್ಷಗಟ್ಟಲೆ ನಡೆಸಿತು.

2008ರ ಆರಂಭದಲ್ಲಿ ಸ್ಪೇನ್‌ನ ಬಿಲ್ಬಾವೊದಲ್ಲಿ ಆಂಟಿವೈರಸ್ ಕಂಪನಿಗಳವರು, ಪರೀಕ್ಷಕರು ಸೇರಿ 40ಕ್ಕೂ ಹೆಚ್ಚು ಜನ ಕೂತು ಮಾತಾಡಿ, 'ಅಮ್ಟ್ಸೋ' ಅನ್ನೋ ಸಂಘ ಕಟ್ಟಿದ್ರು. ಪರೀಕ್ಷೆ ಹೇಗಿರಬೇಕು ಅಂತ ಅದೇ ವರ್ಷ ಒಂಬತ್ತು ಸೂತ್ರ ಬರೆದ್ರು. ಪರೀಕ್ಷೆಯಿಂದ ಜನರಿಗೆ ಅಪಾಯ ಆಗಬಾರದು, ಪಕ್ಷಪಾತ ಇರಬಾರದು, ವಿಧಾನ ಪಾರದರ್ಶಕ ಆಗಿರಬೇಕು, ಬಳಸಿದ ಫೈಲು ನಿಜಕ್ಕೂ ಕೆಟ್ಟದ್ದೇ ಅಂತ ಪರಿಶೀಲಿಸಬೇಕು, ಫಲಿತಾಂಶದಿಂದ ಹೊರಡೋ ತೀರ್ಮಾನವನ್ನೇ ಹೇಳಬೇಕು. ಒಂದನ್ನೂ ತಳ್ಳಿಹಾಕೋ ಹಾಗಿಲ್ಲ. ಆದರೆ ನಿಯಮ ಬರೆಯೋ ಮೇಜಿನ ಸುತ್ತ ಪರೀಕ್ಷಾರ್ಥಿಗಳೇ ದೊಡ್ಡ ಸಂಖ್ಯೆಯಲ್ಲಿ ಕೂತಿದ್ದಾರಲ್ಲ ಅನ್ನೋ ಗುಮಾನಿ ಮೊದಲ ದಿನದಿಂದಲೇ ಇತ್ತು.

2010: ಎರಡು ಪಾಠ

2010ರ ಶುರುವಿನಲ್ಲಿ ರಷ್ಯಾದ ಕ್ಯಾಸ್ಪರ್‌ಸ್ಕಿ ಕಂಪನಿ ಪತ್ರಕರ್ತರ ಮುಂದೆ ಒಂದು ಪ್ರಯೋಗದ ಫಲಿತಾಂಶ ಬಿಚ್ಚಿಟ್ಟಿತು. ಅವರು ಯಾವ ಕೆಡುಕೂ ಇಲ್ಲದ 20 ಫೈಲು ಮಾಡಿದ್ರು. ಅದರಲ್ಲಿ 10ನ್ನ ತಮ್ಮ ಆಂಟಿವೈರಸ್ ಬೇಕಂತಲೇ 'ಕೆಟ್ಟದ್ದು' ಅನ್ನೋ ಹಾಗೆ ಮಾಡಿ, ಇಪ್ಪತ್ತನ್ನೂ ವೈರಸ್‌ಟೋಟಲ್ ತಾಣಕ್ಕೆ ಹಾಕಿದ್ರು. ಒಂದು ಫೈಲಿನ ಬಗ್ಗೆ ಹತ್ತಾರು ಆಂಟಿವೈರಸ್‌ಗಳು ಏನು ಹೇಳ್ತವೆ ಅಂತ ಒಟ್ಟಿಗೆ ತೋರಿಸೋ ತಾಣ ಅದು. ಹತ್ತು ದಿನ ಕಳೆಯೋಷ್ಟರಲ್ಲಿ ಇತರ 14 ಕಂಪನಿಗಳವರೆಗೂ ಆ ನಿರಪರಾಧಿ ಫೈಲುಗಳನ್ನ 'ಕೆಟ್ಟದ್ದು' ಅಂತ ಗುರುತಿಸ್ತಿದ್ವು. ಪಕ್ಕದವನ ಉತ್ತರ ಪತ್ರಿಕೆ ನೋಡಿ, ತಪ್ಪನ್ನೂ ಸೇರಿಸಿ ಬರೆದ ಹಾಗೆ.

ಇದು ಬರೀ ಕಾಪಿ ಹೊಡೆದ ಕಥೆ ಅಲ್ಲ, ಪರೀಕ್ಷಕರ ವಿಧಾನಕ್ಕೂ ಬಿದ್ದ ಏಟು. "ಐದಾರು ಆಂಟಿವೈರಸ್‌ಗಳು ಕೆಟ್ಟದ್ದು ಅಂದ್ರೆ ಅದು ಕೆಟ್ಟದ್ದೇ" ಅಂತ ಲೆಕ್ಕ ಹಾಕಿ ಸ್ಯಾಂಪಲ್ ಆರಿಸೋ ಪರೀಕ್ಷೆಗಳಲ್ಲಿ ಕಾಪಿ ಹೊಡೆದವನಿಗೆ ಅಂಕ, ಸ್ವಂತವಾಗಿ ಯೋಚಿಸಿದವನಿಗೆ ಸೊನ್ನೆ.

ಅದೇ ವರ್ಷ ಏಪ್ರಿಲ್ 21ಕ್ಕೆ ಮೆಕಾಫಿಯ ಒಂದು ದಿನನಿತ್ಯದ ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಒಳಗಿನ ಒಂದು ಅತ್ಯಗತ್ಯ ಫೈಲನ್ನೇ ವೈರಸ್ ಅಂತ ತಿಳಿದು ತೆಗೆದುಹಾಕೋಕೆ ಹೊರಟಿತು. ಜಗತ್ತಿನಾದ್ಯಂತ ಕಚೇರಿಗಳಲ್ಲಿ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗ್ತಾ ಕೂತ್ವು. ಕಾವಲುಗಾರನೇ ಮನೆ ಯಜಮಾನನನ್ನ ಹಿಡಿದು ಕಟ್ಟಿಹಾಕಿದ ಹಾಗೆ. 'ಎಷ್ಟು ಕಳ್ಳರನ್ನ ಹಿಡಿದ' ಅನ್ನೋದರ ಜೊತೆ 'ಎಷ್ಟು ಅಮಾಯಕರನ್ನ ಹಿಡಿದ' ಅನ್ನೋದನ್ನೂ ಎಣಿಸದ ಪರೀಕ್ಷೆ ಯಾಕೆ ಅರ್ಧ ಪರೀಕ್ಷೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಎಲ್ಲ ಪ್ರಶ್ನೆಗೂ ಒಂದೇ ಅಂಕವಾ?

2012ರ ಕೊನೆಯಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್ ಪ್ರಯೋಗಾಲಯ, ಮೈಕ್ರೋಸಾಫ್ಟ್‌ನ ಉಚಿತ ಆಂಟಿವೈರಸ್ ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೆ ಸರ್ಟಿಫಿಕೇಟ್ ನಿರಾಕರಿಸಿತು. 2013ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಉತ್ತರ ಕೊಡ್ತು. ಪರೀಕ್ಷೆಯಲ್ಲಿ ನಾವು ಬಿಟ್ಟ ಸ್ಯಾಂಪಲ್‌ಗಳಿಂದ ನಮ್ಮ ಗ್ರಾಹಕರಲ್ಲಿ ತೊಂದರೆ ಆದದ್ದು ಶೇ. 0.0033 ಜನಕ್ಕೆ ಮಾತ್ರ, ಬಿಟ್ಟ ಸ್ಯಾಂಪಲ್‌ಗಳಲ್ಲಿ ಶೇ. 94ರಷ್ಟು ನಮ್ಮ ಗ್ರಾಹಕರಿಗೆ ತಾಗಿಯೇ ಇಲ್ಲ ಅಂತ.

ಸೋತವರ ಸಬೂಬು ಅಂತ ತಳ್ಳಿಹಾಕೋದು ಸುಲಭ. ಆ ಲೆಕ್ಕ ಅವರದೇ ಪುಸ್ತಕದ್ದು, ಹೊರಗಿನವರು ಪರಿಶೀಲಿಸಿದ್ದಲ್ಲ, ಅದೂ ನಿಜ. ಆದರೆ ಅದರ ಒಳಗಿನ ಪ್ರಶ್ನೆ ಗಟ್ಟಿ. ಲಕ್ಷ ಜನರಿಗೆ ತಾಗೋ ವೈರಸ್‌ಗೂ, ಇಬ್ಬರಿಗೆ ತಾಗೋ ವೈರಸ್‌ಗೂ ಒಂದೊಂದೇ ಅಂಕವಾ? ಆಡಿಟರ್ ಕೂಡ ಎಲ್ಲ ಓಚರ್‌ಗಳನ್ನೂ ಒಂದೇ ತೂಕದಲ್ಲಿ ನೋಡೋದಿಲ್ಲ. 50 ರೂಪಾಯಿ ಚಹಾ ಬಿಲ್ಲಿಗೂ 50 ಲಕ್ಷದ ಯಂತ್ರದ ಬಿಲ್ಲಿಗೂ ವ್ಯತ್ಯಾಸ ಮಾಡ್ತಾನೆ.

ಸಂಖ್ಯೆಗಳ ವಿಷಯ ಬಂದದ್ದರಿಂದ ಇನ್ನೊಂದು ಚಿಕ್ಕ ಲೆಕ್ಕ ಹಾಕೋಣ. ಒಂದು ಪರೀಕ್ಷೆಯಲ್ಲಿ 400 ಸ್ಯಾಂಪಲ್ ಇದೆ ಅಂತಿಟ್ಕೊಳ್ಳಿ. ಒಂದನೇ ಕಂಪನಿ 1 ಬಿಟ್ಟಿತು, ಶೇ. 99.75. ಎರಡನೇದು 3 ಬಿಟ್ಟಿತು, ಶೇ. 99.25. ಜಾಹೀರಾತಿನಲ್ಲಿ ಮೊದಲನೆಯವರು 'ನಂಬರ್ ಒನ್'. ಆದರೆ ಎವಿ-ಟೆಸ್ಟ್ ಸಂಸ್ಥೆಯೇ ಹೇಳೋ ಪ್ರಕಾರ ದಿನಕ್ಕೆ 4.5 ಲಕ್ಷಕ್ಕಿಂತ ಹೆಚ್ಚು ಹೊಸ ಅನಿಷ್ಟ ಫೈಲುಗಳು ಅದರ ಲೆಕ್ಕಕ್ಕೆ ಬರ್ತವೆ. ಅಂಥ ಸಮುದ್ರದಿಂದ ಮೊಗೆದ 400ರಲ್ಲಿ 1ಕ್ಕೂ 3ಕ್ಕೂ ಇರೋ ಅಂತರ ಬರೀ ಅದೃಷ್ಟದ್ದಾಗಿರಬಹುದು. ಬೇರೆ 400 ಆರಿಸಿದ್ರೆ ಕ್ರಮ ಉಲ್ಟಾ ಆಗಬಹುದು. ಇದು ಒಳ್ಳೆ ಪ್ರಯೋಗಾಲಯಗಳಿಗೆ ಗೊತ್ತು. ಅದಕ್ಕೇ ಅವರು ಹತ್ತಿರ ಹತ್ತಿರ ಇರೋರನ್ನ ಒಂದೇ ಗುಂಪಿಗೆ ಸೇರಿಸಿ ಒಂದೇ ಪದಕ ಕೊಡ್ತಾರೆ. ದಶಮಾಂಶ ಹಿಡ್ಕೊಂಡು ಓಡೋದು ಮಾರಾಟ ವಿಭಾಗದವರು.

ಇನ್‌ಸ್ಪೆಕ್ಷನ್ ದಿನ

ನಮ್ಮ ಕಡೆ ಶಾಲೆಗೆ ಇನ್‌ಸ್ಪೆಕ್ಟರ್ ಬರೋ ದಿನ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಅಂಗಳ ಗುಡಿಸಿರುತ್ತೆ, ಚಾರ್ಟ್‌ಗಳು ಗೋಡೆಗೆ ಏರಿರ್ತವೆ, ಉತ್ತರ ಬರೋ ಮಕ್ಕಳು ಮುಂದಿನ ಬೆಂಚಿನಲ್ಲಿ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ.

2015ರ ಏಪ್ರಿಲ್ ಕೊನೆಯಲ್ಲಿ ಎವಿ-ಕಂಪ್ಯಾರಟಿವ್ಸ್, ಎವಿ-ಟೆಸ್ಟ್, ವೈರಸ್ ಬುಲೆಟಿನ್ ಮೂರೂ ಸೇರಿ ಒಂದು ಜಂಟಿ ಹೇಳಿಕೆ ಕೊಟ್ಟವು. ಚೀನಾದ ಚಿಹೂ 360 ಕಂಪನಿ ಪರೀಕ್ಷೆಗೆ ಕಳಿಸಿದ ಆವೃತ್ತಿಯಲ್ಲಿ ಬಿಟ್‌ಡಿಫೆಂಡರ್ ಕಂಪನಿಯಿಂದ ಪಡೆದ ಎಂಜಿನ್ ಚಾಲೂ ಇತ್ತು. ಆದರೆ ಅದರ ಮುಖ್ಯ ಮಾರುಕಟ್ಟೆಯ ಬಳಕೆದಾರರಿಗೆ ಸಿಗ್ತಿದ್ದ ಆವೃತ್ತಿಯಲ್ಲಿ ಆ ಎಂಜಿನ್ ಆಫ್ ಆಗಿದ್ದು, ಕಂಪನಿಯ ಸ್ವಂತ ಎಂಜಿನ್ ಓಡ್ತಿತ್ತು. ಅಂಕ ಪಡೆದದ್ದು ಒಂದು, ಜನರ ಮನೆಗೆ ಹೋದದ್ದು ಇನ್ನೊಂದು. ಆ ವರ್ಷ ಕೊಟ್ಟಿದ್ದ ಸರ್ಟಿಫಿಕೇಟ್‌ಗಳನ್ನ ಮೂವರೂ ವಾಪಸ್ ಪಡೆದ್ರು. ಕಂಪನಿ ತಪ್ಪು ಒಪ್ಪಲಿಲ್ಲ. ಪ್ರತಿಸ್ಪರ್ಧಿ ಟೆನ್ಸೆಂಟ್, ಬೈದು ಕಡೆ ಬೆರಳು ತೋರಿಸಿತು. ಪ್ರಯೋಗಾಲಯಗಳು ಅದನ್ನೂ ತನಿಖೆ ಮಾಡಿದಾಗ, ಟೆನ್ಸೆಂಟ್‌ನಲ್ಲಿ ವೇಗದ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸೋಕೆ ಅಂತ ಮಾಡಿದ, ಬಳಕೆದಾರನ ರಕ್ಷಣೆಯನ್ನ ಕಡಿಮೆ ಮಾಡೋ ಬದಲಾವಣೆ ಸಿಕ್ಕಿತು. ಅದರ ಪ್ರಶಸ್ತಿಗಳೂ ಹೋದ್ವು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಹೊರಬಂತು. ಹೊಗೆ ಪರೀಕ್ಷೆ ನಡೀತಿದೆ ಅಂತ ಕಾರೇ ಪತ್ತೆ ಮಾಡಿ, ಆ ಹೊತ್ತಿಗೆ ಮಾತ್ರ ಒಳ್ಳೆ ಹುಡುಗನ ಹಾಗೆ ವರ್ತಿಸ್ತಿತ್ತು. ಎರಡೂ ಒಂದೇ ಜಾತಿಯ ರೋಗ. ಇದಕ್ಕೆ ಮದ್ದೂ ಹಳೇದೇ: ಅಂಗಡಿಯಿಂದ ಸಾಮಾನ್ಯ ಗಿರಾಕಿ ಹಾಗೆ ಹೋಗಿ ಕೊಂಡು ತಂದು ಪರೀಕ್ಷೆ ಮಾಡೋದು. ಆದರೆ ಆ ಮದ್ದು ಕೂಡ ಕೋರ್ಟ್ ಮೆಟ್ಟಿಲು ಹತ್ತಿಸುತ್ತೆ ಅಂತ ಎರಡೇ ವರ್ಷದಲ್ಲಿ ಗೊತ್ತಾಯ್ತು.

ಕೋರ್ಟ್‌ಗೆ ಹೋದ ಪರೀಕ್ಷೆ

ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಎನ್ಎಸ್ಎಸ್ ಲ್ಯಾಬ್ಸ್ ಅನ್ನೋ ಪರೀಕ್ಷಾ ಸಂಸ್ಥೆ ಇತ್ತು. 2017ರ ಫೆಬ್ರವರಿಯಲ್ಲಿ ಅದು ದೊಡ್ಡ ಕಂಪನಿಗಳು ಬಳಸೋ ಭದ್ರತಾ ಸಾಫ್ಟ್‌ವೇರ್‌ಗಳ ಹೋಲಿಕೆ ವರದಿ ತರೋಕೆ ಸಿದ್ಧವಾಗಿತ್ತು. ಕ್ರೌಡ್‌ಸ್ಟ್ರೈಕ್ ಕಂಪನಿ ಅದನ್ನ ತಡೀಬೇಕು ಅಂತ ಡೆಲವೇರ್‌ನ ಫೆಡರಲ್ ಕೋರ್ಟ್‌ಗೆ ಹೋಯ್ತು. ನಮ್ಮ ಷರತ್ತು ಮೀರಿ, ಬೇರೆ ದಾರಿಯಲ್ಲಿ ನಮ್ಮ ಸಾಫ್ಟ್‌ವೇರ್ ಪಡೆದಿದ್ದಾರೆ, ಪರೀಕ್ಷೆಯೂ ಅರೆಬರೆ ಅನ್ನೋದು ಅದರ ವಾದ. ಕೋರ್ಟ್ ತಡೆ ಕೊಡಲಿಲ್ಲ, ವರದಿ ಹೊರಬಂತು.

2018ರ ಸೆಪ್ಟೆಂಬರ್‌ನಲ್ಲಿ ಎನ್ಎಸ್ಎಸ್ ತಿರುಗಿಬಿತ್ತು. ಕ್ರೌಡ್‌ಸ್ಟ್ರೈಕ್, ಸಿಮ್ಯಾಂಟೆಕ್, ಇಸೆಟ್ ಕಂಪನಿಗಳ ಜೊತೆಗೆ ಅಮ್ಟ್ಸೋ ಸಂಘದ ಮೇಲೂ ದಾವೆ ಹೂಡಿತು. ಎಲ್ಲರೂ ಒಳಒಪ್ಪಂದ ಮಾಡ್ಕೊಂಡು ಸ್ವತಂತ್ರ ಪರೀಕ್ಷೆಯನ್ನ ಅಡ್ಡಗಟ್ತಿದ್ದಾರೆ ಅನ್ನೋದು ಆರೋಪ. ಅವರು ಅದನ್ನ ನಿರಾಕರಿಸಿದ್ರು. ಕ್ರೌಡ್‌ಸ್ಟ್ರೈಕ್ ಜೊತೆಗಿನ ಜಗಳ 2019ರ ಮೇನಲ್ಲಿ ರಾಜಿಯಲ್ಲಿ ಮುಗೀತು. 2017ರ ಪರೀಕ್ಷೆ ಅಪೂರ್ಣವಾಗಿತ್ತು, ಸಾಫ್ಟ್‌ವೇರ್ ಸರಿಯಾಗಿ ಹೊಂದಿಸಿರಲಿಲ್ಲ, ಫಲಿತಾಂಶ ಸರಿ ಇರಲಿಲ್ಲ ಅಂತ ಎನ್ಎಸ್ಎಸ್ ಒಪ್ಕೊಂಡು ತನ್ನ ಮೌಲ್ಯಮಾಪನ ಹಿಂಪಡೆಯಿತು. ಉಳಿದ ದಾವೆಯನ್ನೂ ಅದೇ ವರ್ಷ ಕೈಬಿಟ್ಟಿತು. 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ಪರಿಣಾಮ ಅಂತ ಕಾರಣ ಕೊಟ್ಟು, ಸಂಸ್ಥೆಯೇ ಬಾಗಿಲು ಹಾಕಿತು.

ಈ ಕಥೆಯಲ್ಲಿ ಯಾರು ನಾಯಕ, ಯಾರು ಖಳನಾಯಕ ಅಂತ ಹೇಳೋದು ಸುಲಭ ಇಲ್ಲ. ಕಂಪನಿಯ ಸಹಕಾರ ಪಡೆದ್ರೆ ಪರೀಕ್ಷೆ ಕಂಪನಿಯ ಕೈಯಲ್ಲಿ. ಸಹಕಾರ ಇಲ್ಲದೆ ಮಾಡಿದ್ರೆ ಸೆಟ್ಟಿಂಗ್ ತಪ್ಪೋ ಅಪಾಯ, ಮೇಲೆ ಕೋರ್ಟ್ ಖರ್ಚು. ಎರಡರ ಮಧ್ಯೆ ಇರೋ ದಾರಿ ತುಂಬ ಕಿರಿದು.

ಹಾಗಾದ್ರೆ ಪದಕ ನೋಡಬೇಕಾ, ಬೇಡವಾ?

ಇಷ್ಟೆಲ್ಲ ಕೇಳಿ "ಎಲ್ಲ ಬೋಗಸ್" ಅಂದುಕೊಂಡ್ರೆ ಅದೂ ತಪ್ಪಾಗುತ್ತೆ. ಚಿಹೂ ಪ್ರಕರಣವನ್ನ ಹೊರಗೆ ತಂದವರು ಪರೀಕ್ಷಕರೇ, ತಮ್ಮ ಗ್ರಾಹಕನ ವಿರುದ್ಧವೇ. ಇವತ್ತಿನ ಒಳ್ಳೆ ಪ್ರಯೋಗಾಲಯಗಳು ಜೀವಂತ ಇಂಟರ್ನೆಟ್ ಸಂಪರ್ಕ ಇಟ್ಟು, ನಿಜವಾದ ಕೆಟ್ಟ ಲಿಂಕುಗಳನ್ನ ತೆರೆದು ನೋಡ್ತವೆ. ತಪ್ಪು ಎಚ್ಚರಿಕೆಗಳನ್ನೂ ಎಣಿಸ್ತವೆ, ವಿಧಾನವನ್ನ ಪ್ರಕಟಿಸ್ತವೆ. ಮೃಗಾಲಯದ ದಿನಗಳಿಂದ ಇದು ಬಹಳ ದೂರದ ದಾರಿ. ಪರೀಕ್ಷೆಯ ಕಣ್ಣಿದ್ದದ್ದರಿಂದಲೇ ಸಾಫ್ಟ್‌ವೇರ್‌ಗಳೂ ಸುಧಾರಿಸಿವೆ. 2012ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಫೇಲ್ ಆಗಿದ್ದ ಮೈಕ್ರೋಸಾಫ್ಟ್‌ನ ಡಿಫೆಂಡರ್ ಈಚಿನ ವರ್ಷಗಳಲ್ಲಿ ಅದೇ ಎವಿ-ಟೆಸ್ಟ್‌ನಲ್ಲಿ ಹಲವು ಸಲ ಪೂರ್ಣ ಅಂಕ ಪಡೆದಿದೆ.

ಉಳಿದಿರೋ ದೊಡ್ಡ ಪ್ರಶ್ನೆ ದುಡ್ಡಿಂದು. ಓದುಗರಾಗಿ ನಾವು ವರದಿಗಳನ್ನ ಪುಕ್ಕಟೆ ಓದ್ತೀವಿ. ಪ್ರಯೋಗಾಲಯದ ಬಾಡಿಗೆ, ಸಂಬಳ ನಡೆಯೋದು ಹೆಚ್ಚಾಗಿ ಆಂಟಿವೈರಸ್ ಕಂಪನಿಗಳು ಕೊಡೋ ಶುಲ್ಕದಿಂದ. ಕಂಪನಿಯ ಲೆಕ್ಕ ನೋಡೋ ಆಡಿಟರ್‌ಗೂ ಅದೇ ಕಂಪನಿ ಫೀಸು ಕೊಡುತ್ತೆ. ಆ ವ್ಯವಸ್ಥೆ ಹೆಚ್ಚಿನ ದಿನ ಸರಿಯಾಗೇ ನಡೆಯುತ್ತೆ. ಆದರೆ 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಪುಸ್ತಕದಲ್ಲಿದ್ದ 5,000 ಕೋಟಿಗೂ ಹೆಚ್ಚು ನಗದು ಇಲ್ಲವೇ ಇಲ್ಲ ಅಂತ ಗೊತ್ತಾದಾಗ, ಆ ಪುಸ್ತಕಗಳ ಮೇಲೆ ಆಡಿಟರ್ ಸಹಿ ಇತ್ತು. ಆಡಿಟ್‌ಗಾದ್ರೆ ಹಿಂದೆ ಕಾನೂನಿದೆ, ಸೆಬಿ ಇದೆ. ಆಂಟಿವೈರಸ್ ಪರೀಕ್ಷೆಗೆ ಇರೋದು ಸಂಘದ ಸೂತ್ರಗಳು, ಪರೀಕ್ಷಕರ ಮರ್ಯಾದೆ, ಮತ್ತೆ ಪ್ರಶ್ನೆ ಕೇಳೋ ಓದುಗರು.

ಹಾಗಾಗಿ ಪದಕ ಕಂಡಾಗ ಕೆಲವನ್ನ ನೋಡಿ. ಎಷ್ಟು ಸ್ಯಾಂಪಲ್, ಯಾವ ತಿಂಗಳಿಂದು? ತಪ್ಪು ಎಚ್ಚರಿಕೆ ಎಷ್ಟು? ಪರೀಕ್ಷಿಸಿದ್ದು ನಿಮಗೆ ಸಿಗೋ ಆವೃತ್ತಿಯನ್ನೇನಾ? ವರದಿಗೆ ದುಡ್ಡು ಕೊಟ್ಟವರು ಯಾರು, ಬರೀ ಒಂದೇ ಕಂಪನಿ 'ಮಾಡಿಸಿದ' ವರದಿಯಾ? ಒಂದು ಸಲದ ಮೊದಲ ಸ್ಥಾನಕ್ಕಿಂತ, ಎರಡು ಮೂರು ಪ್ರಯೋಗಾಲಯಗಳಲ್ಲಿ ಮೂರು ನಾಲ್ಕು ವರ್ಷ ಸತತವಾಗಿ ಮೇಲಿನ ಗುಂಪಿನಲ್ಲಿರೋದು ಹೆಚ್ಚು ಹೇಳುತ್ತೆ. ಬ್ಯಾಲೆನ್ಸ್ ಶೀಟ್ ಓದೋದೂ ಹಾಗೇ ಅಲ್ವಾ, ಒಂದೇ ವರ್ಷದ ಲಾಭ ನೋಡಿ ಯಾರೂ ಷೇರು ಕೊಳ್ಳಬಾರದು.

ಶೇ. 99.9 ಪಡೆದ ಸಾಫ್ಟ್‌ವೇರ್ ಹಾಕಿದವರಿಗೂ ಆ ಉಳಿದ ಶೇ. 0.1 ಯಾವ ದಿನ ಬರುತ್ತೆ ಅಂತ ಯಾವ ಪ್ರಯೋಗಾಲಯವೂ ಹೇಳೋದಿಲ್ಲ. ಅದು ಮಾರ್ಚ್ 31ರ ಸಂಜೆ, ಟ್ಯಾಲಿಯಲ್ಲಿ ವರ್ಷದ ಲೆಕ್ಕ ಮುಗಿಸ್ತಿರೋ ಹೊತ್ತಿಗೇ ಬರಬಹುದು. ಆದ್ದರಿಂದ ಲೆಕ್ಕದ ಫೈಲುಗಳ ಒಂದು ಪ್ರತಿಯನ್ನ ಬೇರೆ ಡಿಸ್ಕಿಗೆ ಹಾಕಿ, ಕಂಪ್ಯೂಟರಿಂದ ಕೇಬಲ್ ಕಿತ್ತು, ಬೀರುವಿನಲ್ಲಿಡಿ. ಇವತ್ತೇ ಮಾಡಿ.

ನಿಮ್ಮ ಅಂಗಡಿಯಲ್ಲೋ ಆಫೀಸಲ್ಲೋ ಆಂಟಿವೈರಸ್ ಆರಿಸೋವಾಗ ಏನು ನೋಡ್ತೀರಿ ಅಂತ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.